ಅಡುಗೆಮನೆಯ ಕಿಟಕಿ

“ಎಲ್ಲಾಯ್ತು ಇದು?” ಎಂದು ಕೇಳಿದಳು ನರ್ಸ್, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆಯುತ್ತ.

“ಮನೇಲಿ,” ಎಂದುಬಿಟ್ಟಳು ಚೆಕಿಂಗಕ್ಕ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಡುಗೆಮನೆ ಕಿಟಕಿಯ ಗಾಜು ಸಡಿಲವಾಗಿತ್ತು, ಮಗಳು ಮುಚ್ಚಲು ಹೋದಳು, ಕಳಚಿ ಅಂಗೈ ಮೇಲೆ ಬಿತ್ತು, ಸರಿಮಾಡಿಸಿ ಎಂದು ಇವರಪ್ಪನಿಗೆ ಹೇಳಿ ಹೇಳಿ ಬಾಯಿ ಒಣಗಿಹೋಗಿತ್ತು, ಅವರು ಲಾರಿ ಹತ್ತಿದರೆ ಮನೆಯ ನೆನಪೇ ಇರುವುದಿಲ್ಲ, ಈಗಲೂ ಯಾವುದೋ ದಾರಿಯಲ್ಲಿದ್ದಾರೆ, ಫೋನ್ ಸಿಗುತ್ತಿಲ್ಲ ಎಂದು ಒಂದೇ ಉಸಿರಿಗೆ ಒದರಿದಳು. ಲಾರಿ ಮತ್ತು ಫೋನಿನ ವಿಷಯ ಬಿಟ್ಟರೆ ಉಳಿದದ್ದೆಲ್ಲ ಶುದ್ಧ ಸುಳ್ಳು. ನರ್ಸ್ ಎಲ್ಲವನ್ನೂ ಕೇಳಿಸಿಕೊಂಡು, ‘ಮನೆ, ಕಿಟಕಿ ಗಾಜು’ ಎಂದಷ್ಟೇ ಗೀಚಿಕೊಂಡು ಹೋದಳು.

ಚೆಕಿಂಗಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಊರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ಅವಳ ಕೆಲಸ. ಡ್ರೈವರು, ಕಂಡಕ್ಟರುಗಳು ಇಟ್ಟ ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ ಗಂಡನೂ ಮನೆಯಲ್ಲಿ ಹಾಗೇ ಕರೆದು ಬೈಸಿಕೊಳ್ಳುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಅವಳ ಕಿವಿಗೆ ಬೀಳುವುದು ಸುಳ್ಳುಗಳೇ. ಟಿಕೆಟ್ ಗಾಳಿಗೆ ಹಾರಿಹೋಯಿತು ಎನ್ನುವವರು, ಮಗು ನುಂಗಿಬಿಟ್ಟಿತು ಎನ್ನುವವರು, ಆಗಲೇ ಅರ್ಧ ದಾರಿ ಗೊರಕೆ ಹೊಡೆದು ಬಂದು ‘ಈಗ ತಾನೇ ಹತ್ತಿದೆ’ ಎನ್ನುವವರು. ಟಿಕೆಟ್ ಇರುವವರು ಜೇಬಿಗೆ ಕೈ ಹಾಕುತ್ತಾರೆ, ಇಲ್ಲದವರು ಕಥೆ ಹೇಳುತ್ತಾರೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುತ್ತಿದ್ದವಳೇ ಅವಳು. ಅಂಥವಳು ಈಗ ಗಂಡ, ಲಾರಿ, ಫೋನು ಎಲ್ಲವನ್ನೂ ಎಳೆದು ತಂದು ಕಥೆ ಕಟ್ಟಿದ್ದಳು.

ಮಗಳು ಮಂಚದ ತುದಿಯಲ್ಲಿ ಕುಳಿತು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಎದೆಯ ಮಟ್ಟಕ್ಕೆ ಎತ್ತಿಕೊಂಡಿದ್ದಳು. ಹೆಸರು ಏನೇ ಇರಲಿ, ಹುಟ್ಟಿದ ಮೂರನೇ ದಿನಕ್ಕೇ ಬಟ್ಟೆ ಒದ್ದುಕೊಂಡು ಮಲಗುತ್ತಿದ್ದವಳನ್ನು ಎಲ್ಲರೂ ಕರೆಯುವುದು ಚೂಟಿ ಎಂದೇ. ಅಂಗೈಗೆ ಸುತ್ತಿದ್ದ ಬಟ್ಟೆ ನಡುವಿನಲ್ಲಿ ಕೆಂಪಾಗಿ, ಅಂಚಿನಲ್ಲಿ ಆಗಲೇ ಒಣಗತೊಡಗಿತ್ತು. ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು.

“ಥ್ಯಾಂಕ್ಸ್ ಅಮ್ಮ,” ಎಂದಳು ಸಣ್ಣ ದನಿಯಲ್ಲಿ.

“ಥ್ಯಾಂಕ್ಸೂ ಬೇಡ, ಗೀಂಕ್ಸೂ ಬೇಡ. ನನ್ನ ಬಾಯಲ್ಲಿ ಯಾಕೆ ಸುಳ್ಳು ಹೇಳಿಸ್ದೆ, ಅದನ್ನ ಬೊಗಳು ಮೊದ್ಲು.”

“ಆಮೇಲೆ ಹೇಳ್ತೀನಿ. ತುಂಬ ನೋಯ್ತಿದೆ.”

ನೋವು ಎಂದಮೇಲೆ ತಾಯಿ ಇನ್ನೇನು ಕೇಳುತ್ತಾಳೆ. ಮಗಳ ಬೆನ್ನಿಗೆ ತನ್ನ ಕೈ ಆನಿಸಿ ನಿಂತಳು.

ನಡೆದದ್ದಿಷ್ಟು. ಚೂಟಿಯ ಶಾಲೆಯವರು ದೊಡ್ಡ ತರಗತಿಯ ಮಕ್ಕಳನ್ನು ವಾರದಲ್ಲಿ ಕೆಲವು ದಿನ ಪಾಠದ ಬದಲು ಕೆಲಸ ಕಲಿಯಲು ಕಳಿಸುತ್ತಿದ್ದರು. ಒಬ್ಬ ಬೇಕರಿಗೆ, ಒಬ್ಬಳು ಹೊಲಿಗೆ ಅಂಗಡಿಗೆ, ಹೀಗೆ. ಚೂಟಿ ಹೋಗುತ್ತಿದ್ದದ್ದು ಗಾಜಿನ ಅಂಗಡಿಗೆ. ಮಧ್ಯಾಹ್ನ ಚೆಕಿಂಗಕ್ಕ ತುಂಬಿದ ಬಸ್ಸಿನಲ್ಲಿ ಒಬ್ಬನ ಕಥೆ ಕೇಳುತ್ತಿದ್ದಾಗ ಗಾಜಿನ ಮೇಸ್ತ್ರಿಯ ಫೋನ್ ಬಂತು. “ತಾಯೀ, ಗಾಬರಿ ಆಗ್ಬೇಡಿ,” ಎಂದೇ ಶುರುಮಾಡಿದ ಪುಣ್ಯಾತ್ಮ. ಹಾಗೆ ಶುರುಮಾಡಿದರೆ ಯಾರಿಗೆ ಗಾಬರಿ ಆಗುವುದಿಲ್ಲ? ಅವಳು ಟಿಕೆಟ್ ಇಲ್ಲದವನನ್ನು ಅಲ್ಲೇ ಬಿಟ್ಟು, ಬಸ್ ನಿಲ್ಲಿಸಿ ಇಳಿದು ಓಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಮೇಸ್ತ್ರಿ ಸಿಕ್ಕಿದ. ಅಂಗಡಿಯ ವ್ಯಾನಿನಲ್ಲಿ ಹುಡುಗಿಯನ್ನು ಕರೆತಂದವನು ಅವನೇ. ಅಂಗಿಯ ಮುಂಭಾಗವೆಲ್ಲ ರಕ್ತ. “ಒಳಗಿದ್ದಾಳೆ, ನೀವು ಹೋಗಿ, ವ್ಯಾನ್ ತೆಗೆದಿಟ್ಟು ಬಂದುಬಿಡ್ತೀನಿ,” ಎಂದ. ಅವಳು ಒಳಗೆ ಕಾಲಿಟ್ಟದ್ದೇ ತಡ, ಚೂಟಿ ಚೆನ್ನಾಗಿದ್ದ ಕೈಯಿಂದ ಅವಳ ತೋಳು ಹಿಡಿದು, “ಅಮ್ಮ, ಅಂಗಡೀಲಿ ಆಯ್ತು ಅನ್ಬೇಡ. ಮನೇಲಿ ಅನ್ನು. ನನ್ನಾಣೆ,” ಎಂದಿದ್ದಳು. ಅಷ್ಟರಲ್ಲಿ ನರ್ಸ್ ಬಂದಳು.

ಏಕೆ ಎಂದು ಕೇಳಲು ಪುರಸೊತ್ತು ಇರಲಿಲ್ಲ ಎಂಬುದು ನಿಜ. ಆದರೆ ಪುರಸೊತ್ತು ಇದ್ದಿದ್ದರೂ ಚೆಕಿಂಗಕ್ಕ ಹಾಗೇ ಹೇಳುತ್ತಿದ್ದಳೇನೋ. ಹೋದ ವರ್ಷದವರೆಗೆ ಶಾಲೆ ಎಂದರೆ ಚೂಟಿಗೆ ಹೊಟ್ಟೆನೋವು ಬರುತ್ತಿತ್ತು. ಬೆಳಿಗ್ಗೆ ಎಬ್ಬಿಸುವಷ್ಟರಲ್ಲಿ ಮನೆ ರಣರಂಗ. ಗಾಜಿನ ಅಂಗಡಿಗೆ ಹೋಗಲು ಶುರುಮಾಡಿದ ಮೇಲೆ ಹುಡುಗಿ ತಾನೇ ಎದ್ದು, ತಾನೇ ಚಹಾ ಕಾಸಿ, ತಾಯಿಯನ್ನೂ ಎಬ್ಬಿಸುತ್ತಿದ್ದಳು. ದಾರಿಯಲ್ಲಿ ಹೋಗುವಾಗ ಕಟ್ಟಡಗಳ ಕಿಟಕಿ ತೋರಿಸಿ, ಇದಕ್ಕೆ ಗಾಜು ಕೂರಿಸಿದವನಿಗೆ ಕೈ ನಡುಗುತ್ತಿತ್ತು ನೋಡು ಎನ್ನುತ್ತಿದ್ದಳು. ಗಾಯದ ಸುದ್ದಿ ಶಾಲೆಗೆ ಹೋದರೆ ಅಂಗಡಿಗೆ ಹೋಗುವುದು ಬಂದ್, ಮತ್ತೆ ಅದೇ ಹೊಟ್ಟೆನೋವು. ತಾಯಿಯ ನಾಲಿಗೆ ‘ಮನೇಲಿ’ ಎಂದದ್ದರಲ್ಲಿ ಈ ಹೆದರಿಕೆಯೂ ಇತ್ತು.

ಡಾಕ್ಟರ್ ಬಂದ. ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ, ಆದರೆ ಕೈ ಮೆತ್ತಗಿತ್ತು. ಬಟ್ಟೆ ಬಿಚ್ಚಿ, ತೊಳೆದು, “ಒಂದೊಂದೇ ಬೆರಳು ಮಡಚು ನೋಡೋಣ,” ಎಂದ. ಹೆಬ್ಬೆರಳು ಮಡಚಿತು. ತೋರುಬೆರಳು ಮಡಚಿತು. ಕಿರುಬೆರಳೂ ನಡುಗುತ್ತ ಮಡಚಿತು. ನಡುಬೆರಳು ಮತ್ತು ಉಂಗುರದ ಬೆರಳು ಮಾತ್ರ, ಹೇಳಿದ್ದು ತಮಗಲ್ಲ ಎಂಬಂತೆ ನೆಟ್ಟಗೆ ನಿಂತಿದ್ದವು. ಚೂಟಿ ಹಲ್ಲು ಕಚ್ಚಿದಳು. ಕತ್ತಿನ ನರ ಉಬ್ಬಿತು. ಬೆರಳು ಅಲುಗಲಿಲ್ಲ.

ಡಾಕ್ಟರ್ ಚೆಕಿಂಗಕ್ಕನನ್ನು ಪರದೆಯ ಆಚೆಗೆ ಕರೆದ. “ಬೆರಳು ಮಡಚೋಕೆ ಒಳಗೆ ಹಗ್ಗದ ಥರ ಇರುತ್ತೆ ಅಮ್ಮ. ಎರಡು ಬೆರಳಿಂದು ಕಡಿದುಹೋಗಿದೆ. ಬರೀ ಮೇಲೆ ಹೊಲಿಗೆ ಹಾಕಿ ಕಳಿಸಿದ್ರೆ ಗಾಯ ಮಾಯುತ್ತೆ, ಬೆರಳು ಮಡಚಲ್ಲ. ಕೈ ಆಪರೇಷನ್ ಮಾಡೋ ಸ್ಪೆಷಲಿಸ್ಟೇ ಮಾಡ್ಬೇಕು. ಅವರು ಸಂಜೆ ತನಕ ಇಲ್ಲೇ ಇರ್ತಾರೆ. ತಡ ಮಾಡಿದಷ್ಟೂ ಕಡಿದ ತುದಿ ಒಳಗೆ ಎಳ್ಕೊಂಡು ಹೋಗುತ್ತೆ.”

“ಮಾಡಿ ಮತ್ತೆ. ಕೇಳೋದೇನಿದೆ?”

“ಖರ್ಚು ಜಾಸ್ತಿ. ಆಪರೇಷನ್ ಆದ್ಮೇಲೂ ತಿಂಗಳುಗಟ್ಟಲೆ ಕೈ ಪಳಗಿಸ್ಬೇಕು. ವಿಮೆ ಏನಾದ್ರೂ ಇದೆಯಾ?”

ಇರಲಿಲ್ಲ. ಅಷ್ಟು ಹಣ ಹೊಂದಿಸಬೇಕೆಂದರೆ ಗಂಡ ಓಡಿಸುತ್ತಿದ್ದ ಲಾರಿಯನ್ನೇ ಮಾರಬೇಕಿತ್ತು, ಆ ಲಾರಿಯೋ ಅವನದಲ್ಲ. ಚೆಕಿಂಗಕ್ಕ ಪರದೆಯ ಅಂಚನ್ನು ಹಿಡಿದುಕೊಂಡಳು. ಎರಡು ಬೆರಳು. ಅವಿಲ್ಲದೆ ಹುಡುಗಿ ಜಡೆ ಹೆಣೆದುಕೊಳ್ಳುವುದು ಹೇಗೆ, ಬಸ್ಸಿನ ಕಂಬಿ ಹಿಡಿಯುವುದು ಹೇಗೆ, ಗಾಜು ಎತ್ತುವ ಮಾತಂತೂ ದೂರವೇ ಉಳಿಯಿತು.

ಅದೇ ಹೊತ್ತಿಗೆ ಶಾಲೆಯ ಟೀಚರ್ ಏದುಸಿರು ಬಿಡುತ್ತ ಬಂದಳು. ಮಕ್ಕಳನ್ನು ಕೆಲಸಕ್ಕೆ ಕಳಿಸುವ ಜವಾಬ್ದಾರಿ ಅವಳದು. ಒಂದು ಕಾಲಿನ ಚಪ್ಪಲಿಯ ಪಟ್ಟಿ ಕಿತ್ತು, ಎಳೆದುಕೊಂಡು ನಡೆಯುತ್ತಿದ್ದಳು. ಚೂಟಿಯ ತಲೆ ಸವರಿ, ಡಾಕ್ಟರನ ಹತ್ತಿರ ಮಾತಾಡಿ ಬಂದವಳ ಮುಖದಲ್ಲಿ ದುಃಖ ಇತ್ತೇ ಹೊರತು ದಿಗಿಲು ಇರಲಿಲ್ಲ.

“ಖರ್ಚಿನ ಚಿಂತೆ ಬಿಟ್ಬಿಡಿ ಅಮ್ಮ. ವಿಮೆ ಇದೆಯಲ್ಲ.”

“ಯಾವ ವಿಮೆ?”

“ಅಯ್ಯೋ, ಮೀಟಿಂಗಲ್ಲಿ ಅಷ್ಟು ಹೊತ್ತು ಹೇಳಿದ್ನಲ್ಲ. ಸ್ಕೂಲಿಂದ ಕೆಲ್ಸಕ್ಕೆ ಹೋಗೋ ಮಕ್ಳಿಗೆಲ್ಲ ಇದೆ. ಸಂಬಳ ಇಲ್ದಿದ್ರೂ, ಅಂಗಡಿ ಒಳಗೆ ಕಾಲಿಟ್ಟ ಗಳಿಗೆಯಿಂದ ಅವರೂ ಕೆಲಸಗಾರರೇ. ಆಪರೇಷನ್ನು, ಔಷಧಿ, ಆಮೇಲೆ ಕೈ ಪಳಗಿಸೋದು, ಎಲ್ಲ ಅದರಲ್ಲೇ ಬರುತ್ತೆ.”

ಮೀಟಿಂಗಿನಲ್ಲಿ ಚೆಕಿಂಗಕ್ಕ ಇದ್ದದ್ದು ನಿಜ. ಬೆಳಗಿನ ಪಾಳಿ ಮುಗಿಸಿ ಹೋದವಳು ಫ್ಯಾನಿನ ಕೆಳಗೆ ಜಾಗ ಹುಡುಕಿ, ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದಳು. ಬಸ್ಸಿನ ಕೆಲಸ ಕಲಿಸಿದ ವಿದ್ಯೆ ಅದು.

“ಮನೇಲಿ ಆಗಿದ್ರೆ?” ಎಂದಳು, ಗೋಡೆ ನೋಡುತ್ತ.

“ಮನೇಲಿ ಆಗಿದ್ರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದ್ರೆ ಇವಳಿಗೆ ಅಂಗಡೀಲಿ ತಾನೇ ಆಗಿದ್ದು? ಮೇಸ್ತ್ರಿ ಫೋನ್ ಮಾಡಿದ್ರು. ನೀವು ಇಲ್ಲೇ ಇರಿ, ಕೆಳಗೆ ವಿಮೆ ಕೌಂಟರಿದೆ, ಹೇಳಿ ಬರ್ತೀನಿ.”

ಟೀಚರ್ ಚಪ್ಪಲಿ ಎಳೆದುಕೊಂಡು ಹೋದಳು. ಚೆಕಿಂಗಕ್ಕ ಅವಳನ್ನು ತಡೆಯಲಿಲ್ಲ. ಎಂಥ ಅವಿವೇಕ. ಇಡೀ ಊರಿನಲ್ಲಿ ಹೇಳಬಹುದಾಗಿದ್ದ ಸುಳ್ಳುಗಳಲ್ಲಿ ಮಗಳ ಬೆರಳನ್ನು ಕಳೆಯುವಂಥದ್ದು ಒಂದೇ ಇತ್ತು, ಅದನ್ನೇ ಹುಡುಕಿ ಹೇಳಿದ್ದಳು.

ಟೀಚರ್ ವಾಪಸ್ ಬಂದಾಗ ಮುಖ ಸಪ್ಪಗಾಗಿತ್ತು. “ಅವನ್ಯಾರೋ ಒಪ್ತಾನೇ ಇಲ್ಲಮ್ಮ. ಆಸ್ಪತ್ರೆಯವರು ಮನೆ, ಕಿಟಕಿ ಅಂತೇನೋ ಬರ್ದಿದ್ದಾರಂತೆ. ಆ ನರ್ಸು ಗಡಿಬಿಡೀಲಿ ಇನ್ಯಾರದೋ ವಿಷಯ ಇದರಲ್ಲಿ ಬರೆದಿರಬೇಕು. ಬನ್ನಿ, ನರ್ಸ್ ತಪ್ಪು ಬರ್ದಿದ್ದಾಳೆ ಅಂತ ನೀವು ಒಂದು ಮಾತು ಹೇಳಿ. ಮುಗೀತು.”

ಎಷ್ಟು ಸುಲಭ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ದಾರಿ ಸಿಕ್ಕಿತ್ತು. ನರ್ಸ್ ತಪ್ಪು ಬರೆದಳು ಎಂದರೆ ತನ್ನ ಮಾನವೂ ಉಳಿಯುತ್ತದೆ, ಮಗಳ ಬೆರಳೂ ಉಳಿಯುತ್ತದೆ. ಮೆಟ್ಟಿಲು ಇಳಿಯುವಾಗ ಚೆಕಿಂಗಕ್ಕ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಬಸ್ಸಿನಲ್ಲಿ ಅವಳಿಗೆ ಎಲ್ಲ ಸುಳ್ಳರ ಮೇಲೂ ಸ್ವಲ್ಪ ಕನಿಕರ ಇತ್ತು, ಒಂದು ಜಾತಿಯವರನ್ನು ಬಿಟ್ಟು. ‘ಕಂಡಕ್ಟರ್ ದುಡ್ಡು ತಗೊಂಡು ಟಿಕೆಟ್ಟೇ ಕೊಡಲಿಲ್ಲ’ ಎನ್ನುವವರು. ತಮ್ಮ ಚರ್ಮ ಉಳಿಸಿಕೊಳ್ಳಲು ಇನ್ನೊಬ್ಬರ ಅನ್ನಕ್ಕೆ ಕೈ ಹಾಕುವವರು. ಅಂಥವರಿಂದ ಅವಳು ಒಂದು ಕಾಸೂ ಬಿಡದೆ ದಂಡ ಕಕ್ಕಿಸುತ್ತಿದ್ದಳು.

ವಿಮೆ ಕೌಂಟರ್ ಮೆಟ್ಟಿಲಿನ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕದಲ್ಲಿತ್ತು. ಒಳಗೆ ಕುಳಿತಿದ್ದವನಿಗೆ ಭಾರಿ ನೆಗಡಿ. ಮೂಗು ಟೊಮೆಟೊ ಆಗಿತ್ತು. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕರವಸ್ತ್ರವನ್ನು ಮುಷ್ಟಿಯಲ್ಲೇ ಹಿಡಿದಿದ್ದ.

“ಹೇಳಿ ಮೇಡಂ. ಆ ಕಡೆ ಅಂಗಡಿ ಅಂತಾರೆ, ಈ ಕಡೆ ಮನೆ ಅಂತ ಬರೆದಿದೆ. ನರ್ಸ್ ತಪ್ಪು ಅಂತ ಟೀಚರ್ ಹೇಳ್ತಿದ್ದಾರೆ.”

“ನರ್ಸ್ ತಪ್ಪೇನಿಲ್ಲ,” ಎಂದಳು ಚೆಕಿಂಗಕ್ಕ. “ನಾನು ಸುಳ್ಳು ಹೇಳಿದೆ. ಅಂಗಡೀಲೇ ಆಗಿದ್ದು.”

ಮುಂದೆ ಒಂದು ಮಾತೂ ಸೇರಿಸಲಿಲ್ಲ. ಪಕ್ಕದಲ್ಲಿ ಟೀಚರ್ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾಚಿಕೆಯಿಂದ ಚೆಕಿಂಗಕ್ಕನ ಕಿವಿ ಬಿಸಿಯಾಯಿತು, ಆದರೆ ಎದೆಯ ಮೇಲೆ ಕೂತಿದ್ದ ಕಲ್ಲು ಅರ್ಧ ಇಳಿದಂತೆಯೂ ಆಯಿತು.

ಅವನು ಸೀನಿದ. “ಯಾಕೆ ಹೇಳಿದ್ರಿ?”

“ಮಗಳು ಹೇಳು ಅಂದ್ಲು.”

“ಅವಳ್ಯಾಕೆ ಅಂದ್ಲು?”

“ಗೊತ್ತಿಲ್ಲ.”

“ಸರಿ. ಗಾಯ ಆದವರ ಬಾಯಿಂದಲೇ ಕೇಳ್ಬೇಕು ನಾನು. ನಡೀರಿ ಮೇಲಕ್ಕೆ.”

ಮೇಲೆ ಚೂಟಿ ಕಣ್ಣು ಮುಚ್ಚಿ ಒರಗಿದ್ದಳು. ಹೊಸ ಬಿಳಿ ಬಟ್ಟೆ ಸುತ್ತಿದ ಕೈ ದಿಂಬಿನ ಮೇಲಿತ್ತು. ನೆಗಡಿಯವನು ಸ್ಟೂಲ್ ಎಳೆದುಕೊಂಡು ಕೂತು, ಮೆಲ್ಲಗೆ, “ಹೇಗಾಯ್ತಮ್ಮ ಇದು?” ಎಂದ. ಚೆಕಿಂಗಕ್ಕ ಅವನ ಬೆನ್ನ ಹಿಂದೆ ನಿಂತು ಹುಬ್ಬು ಹಾರಿಸಿ, ಕಣ್ಣು ಅರಳಿಸಿ, ನಿಜ ಹೇಳೇ ಎಂದು ಮಾಡದ ಸನ್ನೆ ಇಲ್ಲ. ಚೂಟಿ ತಾಯಿಯ ಮುಖ ನೋಡಿದಳು. ನೋಡಿ, ಸುಳ್ಳನ್ನು ಇನ್ನೂ ಗಟ್ಟಿ ಮಾಡು ಎನ್ನುತ್ತಿದ್ದಾಳೆ ಎಂದುಕೊಂಡಳು.

“ಅಡುಗೆಮನೆ ಕಿಟಕಿ ಸಾರ್. ಎಡಗಡೆ ಬಾಗಿಲು. ಗಾಜು ಅಂಟೋಕೆ ಸುತ್ತ ಮೆತ್ತಿದ್ದ ಪುಟ್ಟಿ ಒಣಗಿ ಉದುರಿಹೋಗಿತ್ತು. ಸಣ್ಣ ಮೊಳೆ ಎರಡೇ ಹಿಡ್ಕೊಂಡಿದ್ವು, ಅವೂ ತುಕ್ಕು. ತೆಳು ಗಾಜು, ಅಂಚು ಉಜ್ಜಿಲ್ಲದ್ದು. ಬಾಗಿಲು ಎಳೆದ ತಕ್ಷಣ ಕೆಳಗಿನ ಮೂಲೆಯಿಂದ ಕಳಚ್ಕೊಂಡಿತು.”

ಚೆಕಿಂಗಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಕೇಳಿದ ಸುಳ್ಳುಗಳಲ್ಲಿ ಇಷ್ಟು ಚೆನ್ನಾಗಿ ಗಾಜು ಕೂರಿಸಿದ್ದು ಇನ್ನೊಂದಿರಲಿಲ್ಲ. ನೆಗಡಿಯವನು ಮೂಗು ಒರೆಸಿಕೊಂಡು, “ಇಷ್ಟೆಲ್ಲ ನೋಡಿದವಳು ಮೊದಲೇ ಒಂಚೂರು ಪುಟ್ಟಿ ಮೆತ್ತಬಾರದಿತ್ತಾ?” ಎಂದ.

“ಚೂಟಿ, ನಾನು ಹೇಳಿಬಿಟ್ಟೆ ಕಣೇ ಅವರಿಗೆ,” ಎಂದಳು ಚೆಕಿಂಗಕ್ಕ. “ಅಂಗಡೀಲಿ ಆಯ್ತು ಅಂತ ಹೇಳಿಬಿಟ್ಟೆ.”

ಚೂಟಿಯ ಮುಖ ಮುದುಡಿತು. “ಆಣೆ ಹಾಕಿದ್ನಲ್ಲಮ್ಮ.”

“ನಿನ್ನ ಆಣೆ ಆಮೇಲೆ. ಬೆರಳು ಮೊದಲು.”

ಅಷ್ಟರಲ್ಲಿ ಮೇಸ್ತ್ರಿ ಬಂದ. ರಕ್ತದ ಅಂಗಿಯ ಮೇಲೆ ಯಾರದೋ ದೊಡ್ಡ ಕೋಟು ಹಾಕಿಕೊಂಡಿದ್ದ. ಇಷ್ಟು ಹೊತ್ತೂ ವ್ಯಾನಿನಲ್ಲೇ ಕುಳಿತಿದ್ದನಂತೆ, ಮೇಲೆ ಬರಲು ಕಾಲು ಏಳಲಿಲ್ಲವಂತೆ. ಅದನ್ನೆಲ್ಲ ಅವನು ಆಮೇಲೆ ಹೇಳಿದ. ಆಗ, ಕಿಟಕಿಯ ಮಾತು ಹೊರಗಿನಿಂದಲೇ ಕೇಳಿಸಿಕೊಂಡವನು ಬಾಗಿಲಲ್ಲೇ ನಿಂತು, “ಯಾವ ಕಿಟಕಿ? ಏನ್ ಮಗಳೇ ಹೇಳ್ತಿದ್ದೀಯ? ಕ್ಷೌರದಂಗಡಿ ಕನ್ನಡಿ ಅಲ್ವಾ ಅದು?” ಎಂದ.

“ನೀವು ಸುಮ್ನಿರಿ ಮಾವ,” ಎಂದಳು ಚೂಟಿ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. “ಅಂಗಡೀಲಿ ಅಂತ ಕಾಗದದ ಮೇಲೆ ಬಂದ್ರೆ ಆ ಕನ್ನಡಿ ನನ್ನ ಲೆಕ್ಕಕ್ಕೆ ಬರುತ್ತೆ. ಅಮ್ಮ ಎಲ್ಲಿಂದ ತರ್ತಾಳೆ ಅಷ್ಟು?”

“ನಿನ್ನ ಲೆಕ್ಕಕ್ಕಾ? ಯಾರಂದ್ರು?”

“ನೀವೇ. ದಿನಾ ಅಂತೀರಲ್ಲ.”

ಮೇಸ್ತ್ರಿಗೆ ಗರ ಬಡಿದಂತಾಯಿತು. ಗಾಜಿನ ಅಂಗಡಿಯಲ್ಲಿ ಅವನದೊಂದು ಮಾತಿತ್ತು. ಯಾರೇ ಗಾಜು ಎತ್ತಲಿ, ‘ಒಡೆದ್ರೆ ನಿನ್ನ ಲೆಕ್ಕಕ್ಕೆ’ ಎನ್ನುತ್ತಿದ್ದ. ಎತ್ತಿದವರು ‘ಬರ್ಕೊಳ್ಳಿ’ ಎನ್ನಬೇಕು. ಅವನು ಕೆಲಸ ಕಲಿಯುವಾಗ ಅವನ ಮೇಸ್ತ್ರಿ ಹೇಳುತ್ತಿದ್ದ ಮಾತೇ ಅದು, ಬಾಯಿಂದ ಬಾಯಿಗೆ ಬಂದದ್ದು. ಅಂಗಡಿಯ ಯಜಮಾನನಿಗೂ ಹೇಳುತ್ತಿದ್ದ, ಗಾಜು ಕೊಳ್ಳಲು ಬಂದ ಗಿರಾಕಿಗೂ ಹೇಳುತ್ತಿದ್ದ, ಕಪಾಟಿನ ಮೇಲೆ ಓಡಾಡುವ ಬೆಕ್ಕಿಗೂ ಹೇಳುತ್ತಿದ್ದ. ಬೆಕ್ಕು ಮಿಯಾಂವ್ ಎಂದರೆ, ಬರ್ಕೊಂಡೆ ಎನ್ನುತ್ತಿದ್ದ. ಯಾವ ಲೆಕ್ಕವೂ ಇರಲಿಲ್ಲ, ಯಾರೂ ಏನೂ ಬರೆದುಕೊಂಡಿರಲಿಲ್ಲ. ಅದು ತಮಾಷೆ ಎಂದು ಹೊಸಬರಿಗೆ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ. ಎಲ್ಲರೂ ಅಷ್ಟು ಗಂಭೀರವಾಗಿ ‘ಬರ್ಕೊಳ್ಳಿ’ ಎನ್ನುವುದನ್ನು ಕೇಳಿದ ಚೂಟಿ, ಎಲ್ಲರ ತಲೆಯ ಮೇಲೂ ಒಂದೊಂದು ಸಾಲ ಇದೆ ಎಂದೇ ನಂಬಿದ್ದಳು.

ಆ ದಿನ ಇಬ್ಬರೂ ಸೇರಿ, ಕ್ಷೌರದಂಗಡಿಯವನಿಗೆಂದು ಕತ್ತರಿಸಿದ್ದ ಆಳೆತ್ತರದ ಕನ್ನಡಿಯನ್ನು ಗೋಡೆಗೆ ಒರಗಿಸಿದ್ದರು. ಅದು ಜಾರಿತು. ಬೀಳುವ ಗಾಜಿಗೆ ಕೈ ಒಡ್ಡಬಾರದು, ಕೈ ಹಿಂದೆ ಕಟ್ಟಿಕೊಂಡು ಹಿಂದೆ ಸರಿಯಬೇಕು. ಮೊದಲ ದಿನವೇ ಮೇಸ್ತ್ರಿ ಕಲಿಸಿದ ಪಾಠ ಅದು. ಮೇಸ್ತ್ರಿ ಸರಿದ. ಚೂಟಿ ಸರಿಯಲಿಲ್ಲ. ತಾಯಿಯ ಸಂಬಳ, ತಂದೆಯ ಲಾರಿ ಎಲ್ಲ ಆ ಒಂದು ಕ್ಷಣದಲ್ಲಿ ಅವಳ ತಲೆಯೊಳಗೆ ಹಾದುಹೋಗಿ, ಎರಡೂ ಕೈ ಮುಂದೆ ಚಾಚಿದಳು.

“ನಿಮ್ಮ ತಮಾಷೆಗೆ ನನ್ನ ಮಗಳ ಕೈ ಹೋಯ್ತಲ್ಲ ಮೇಸ್ತ್ರಿ,” ಎಂದಳು ಚೆಕಿಂಗಕ್ಕ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಆ ಮುದುಕನನ್ನು ಹಿಡಿದು ಅಲುಗಾಡಿಸಬೇಕು ಎನ್ನಿಸಿತು. “ಕೈಗೊಂದು ಗವಸಾದ್ರೂ ಹಾಕಿಸಬಾರ್ದಿತ್ತಾ?”

“ಹಾಕಿಸ್ತಿದ್ದೆ ತಾಯಿ. ಇರೋವೆಲ್ಲ ನಮ್ಮ ಕೈ ಅಳತೆಯವು. ಅವಳ ಕೈಯಿಂದ ಜಾರ್ತಿದ್ವು. ಇವತ್ತು ಬಿಚ್ಚಿಟ್ಟಿದ್ಲು, ನಾನು ನೋಡಿಯೂ ಸುಮ್ನಾದೆ.” ಮೇಸ್ತ್ರಿ ನೆಗಡಿಯವನ ಕಡೆ ತಿರುಗಿದ. “ತಪ್ಪು ನಂದು ಸಾರ್. ನನ್ನದೇ ಅಂತ ಬರ್ಕೊಳ್ಳಿ.”

“ಅವರದಲ್ಲ,” ಎಂದಳು ಚೂಟಿ. “ಹಿಡೀಬಾರ್ದು ಅಂತ ಅವರು ಹೇಳಿಕೊಟ್ಟಿದ್ರು. ನಾನು ಹಿಡಿದೆ. ತಪ್ಪು ನಂದಾದ್ರೆ ವಿಮೆ ಬರಲ್ಲ ಅಂತ ನಂಗೊತ್ತು.”

“ಸುಳ್ಳು ಹೇಳಿದ್ದು ನಾನು. ತಪ್ಪು ಅಂದ್ರೆ ನಂದೇ,” ಎಂದಳು ಚೆಕಿಂಗಕ್ಕ.

“ಗವಸಿನ ಅಳತೆ ನೋಡದೆ ಕಳಿಸಿದ್ದು ನಾನಲ್ವಾ,” ಎಂದಳು ಟೀಚರ್, ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು.

ನೆಗಡಿಯವನು ಸೀನಲು ಬಾಯಿ ತೆರೆದ. ಎಲ್ಲರೂ ಕಾದರು. ಸೀನು ಬರಲಿಲ್ಲ.

“ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀರಾ? ತಪ್ಪು ಯಾರದು ಅಂತ ನಾನು ಕೇಳ್ದೆನಾ? ಈ ವಿಮೆ ಆ ಪ್ರಶ್ನೇನೇ ಕೇಳಲ್ಲ. ಹಿಡೀಬಾರ್ದನ್ನ ಹಿಡಿದ್ಲೋ, ಗವಸು ಹಾಕಿದ್ಲೋ ಇಲ್ವೋ, ಬೆರಳಿಗೆ ಅದೆಲ್ಲ ಗೊತ್ತಾಗುತ್ತಾ? ಕೆಲಸದಲ್ಲಿ ಗಾಯ ಆಯ್ತು ಅಂದ್ರೆ ಆಯ್ತು.” ಚೂಟಿಯ ಕಡೆ ಬಾಗಿದ. “ಈಗ ಕಿಟಕಿ ಗಿಟಕಿ ಬಿಟ್ಟು ಹೇಳು. ಗಾಜು ಬೀಳುವಾಗ ನೀನು ಎಲ್ಲಿದ್ದೆ?”

ಚೂಟಿ ಮೇಸ್ತ್ರಿಯನ್ನು ನೋಡಿದಳು. ಮೇಸ್ತ್ರಿ ತಲೆ ಆಡಿಸಿದ. “ಅಂಗಡೀಲಿ,” ಎಂದಳು.

“ಯಾರು ಕಳಿಸಿದ್ದು?”

“ಸ್ಕೂಲು.”

“ಏನು ಮಾಡ್ತಿದ್ದೆ?”

“ಕನ್ನಡಿ ಒರಗಿಸ್ತಿದ್ದೆ.”

“ಅಷ್ಟೇ ನಂಗೆ ಬೇಕಾಗಿದ್ದು.” ಅವನು ಎದ್ದ. “ಡಾಕ್ಟರಿಗೆ ಹೇಳ್ತೀನಿ, ಆಪರೇಷನ್‌ಗೆ ತಯಾರಿ ಮಾಡ್ಕೊಳ್ಳಲಿ.”

ಚೆಕಿಂಗಕ್ಕ ಮಗಳ ಮಂಚದ ಮೇಲೇ ಕುಸಿದು ಕುಳಿತಳು. ಆಮೇಲೆ ನೆನಪಾದಂತೆ ಎದ್ದು ನೆಗಡಿಯವನ ಹಿಂದೆ ಓಡಿದಳು.

“ಸಾರ್, ದಂಡ ಎಷ್ಟು?”

“ಯಾವ ದಂಡ?”

“ಸುಳ್ಳು ಹೇಳಿದ್ದಕ್ಕೆ.”

ಅವನು ಅವಳ ಎದೆಯ ಮೇಲಿನ ತಪಾಸಣೆ ಬಿಲ್ಲೆಯನ್ನು ಅದೇ ಮೊದಲ ಸಲ ಗಮನಿಸಿದ. ನಕ್ಕ. ಆಗ ಬಂತು ಸೀನು, ಕಾರಿಡಾರ್ ಅದುರುವಂತೆ. “ನನ್ನ ಹತ್ರ ಬರೋರಲ್ಲಿ ಅರ್ಧ ಜನ ಮನೇಲಾಯ್ತು ಅಂತಾನೇ ಶುರು ಮಾಡೋದು ಮೇಡಂ. ಕೆಲಸ ಹೋಗುತ್ತೆ ಅಂತ ಹೆದರಿಕೆ. ದಂಡ ಹಾಕ್ತಾ ಕೂತ್ರೆ ನಾನು ಬಸ್ಸಿನವನಾಗ್ಬೇಕಾಗುತ್ತೆ. ಸರಿಯಾದ್ದು ಬರೆದು ಒಂದು ಸಹಿ ಹಾಕಿ. ಸಾಕು.”

ಚೂಟಿಯನ್ನು ಒಳಗೆ ಕರೆದೊಯ್ಯುವ ಮೊದಲು ಅವಳು ಟೀಚರನ್ನು ಕೇಳಿದ್ದು ಒಂದೇ ಪ್ರಶ್ನೆ. ಮತ್ತೆ ಅಂಗಡಿಗೆ ಹೋಗಬಹುದೇ? ಮೊದಲು ಕೈ ವಾಸಿಯಾಗಲಿ ಎಂದಳು ಟೀಚರ್. ನಾಳೆಯೇ ತಾನು ಹೋಗಿ ಅಂಗಡಿ ನೋಡುವುದಾಗಿಯೂ, ಮಕ್ಕಳ ಕೈಗೆ ಹಿಡಿಸುವ ಗವಸು ಬರುವವರೆಗೆ ಅಲ್ಲಿಗೆ ಯಾರನ್ನೂ ಕಳಿಸುವುದಿಲ್ಲವೆಂದೂ ಮೇಸ್ತ್ರಿಯ ಮುಖ ನೋಡಿಕೊಂಡೇ ಹೇಳಿದಳು. ಬಂದಮೇಲೆ ಹೋಗಬಹುದು ಎಂದಳು. ಚೂಟಿ ಅದಕ್ಕೆ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಆಪರೇಷನ್ ಮುಗಿಯುವವರೆಗೆ ಚೆಕಿಂಗಕ್ಕ ಮತ್ತು ಮೇಸ್ತ್ರಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತಿದ್ದರು. ನಡುವೆ ಟೀಚರ್ ತಂದಿಟ್ಟುಹೋದ ಚಹಾ ಆರುತ್ತಿತ್ತು. ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಮಗಳಿಗೆ ಕೆಲಸ ಕಲಿಸಿದವನೂ ಇವನೇ, ಕನ್ನಡಿ ಬಿದ್ದಾಗ ಅವಳ ಮಣಿಕಟ್ಟನ್ನು ಬಿಗಿಯಾಗಿ ಒತ್ತಿ ಹಿಡಿದು ರಕ್ತ ನಿಲ್ಲಿಸಿದವನೂ ಇವನೇ, ಶಾಲೆಗೆ ಮುಚ್ಚುಮರೆಯಿಲ್ಲದೆ ಫೋನ್ ಮಾಡಿದವನೂ ಇವನೇ. ಆ ಫೋನ್ ಬರದಿದ್ದರೆ ಟೀಚರ್ ಬರುತ್ತಿರಲಿಲ್ಲ. ಅದನ್ನು ನೆನೆದು ಒಂದು ಚಹಾ ಅವನ ಕಡೆ ಸರಿಸಿದಳು.

“ಆ ಮಾತು ಇನ್ನು ಆಡಲ್ಲ ತಾಯಿ,” ಎಂದ ಮೇಸ್ತ್ರಿ.

“ಬೆಕ್ಕಿಗೆ ಬೇಕಾದ್ರೆ ಹೇಳ್ಕೊಳ್ಳಿ,” ಎಂದಳು ಚೆಕಿಂಗಕ್ಕ.

ಕಡಿದ ತುದಿಗಳು ಸಿಕ್ಕಿವೆ, ಜೋಡಿಸಿದ್ದೇನೆ, ಉಳಿದದ್ದು ಹುಡುಗಿಯ ಕೈಯಲ್ಲಿದೆ ಎಂದರು ಹೊರಗೆ ಬಂದ ಸ್ಪೆಷಲಿಸ್ಟ್. ಹಿಡಿಯಿತೋ ಇಲ್ಲವೋ ತಿಳಿಯಲು ಕೆಲವು ದಿನ ಕಾಯಬೇಕಿತ್ತು. ಕಾದರು. ಗಂಡ ಲಾರಿ ಬಿಟ್ಟು ಬಂದು ಹೋದ. ಚೂಟಿ ಎಡಗೈಯಲ್ಲಿ ಉಣ್ಣಲು ಕಲಿತು ಅರ್ಧ ಚೆಲ್ಲಿದಳು.

ಒಂದು ದಿನ ಬೆಳಗಿನ ಹೊತ್ತು ಕೈ ಪಳಗಿಸುವ ಹೆಂಗಸು ಬಂದು ಪಟ್ಟಿ ಬಿಚ್ಚಿದಳು. ಚೆಕಿಂಗಕ್ಕ ಮಂಚದ ಪಕ್ಕದಲ್ಲಿದ್ದಳು. ಮೇಸ್ತ್ರಿ ಅಂಗಡಿಗೆ ಹೋಗುವ ದಾರಿಯಲ್ಲಿ ಬಂದಿದ್ದ, ದಿನವೂ ಬರುತ್ತಿದ್ದ ಹಾಗೆ. ಪಟ್ಟಿಗೆ ಕತ್ತರಿ ಇಟ್ಟದ್ದೇ ತಡ, “ನಂಗೆ ನೋಡೋಕಾಗಲ್ಲ,” ಎಂದು ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

“ಬಲ ಹಾಕ್ಬೇಡ,” ಎಂದಳು ಆ ಹೆಂಗಸು. “ಮಡಚ್ತೀನಿ ಅಂತ ಬರೀ ನೆನಸ್ಕೊ. ಮೆತ್ತಗೆ.”

ಚೂಟಿ ಕಣ್ಣು ಮುಚ್ಚಿದಳು. ಊದಿಕೊಂಡ ಎರಡು ಬೆರಳು ಬಿಳಿಯ ಬಟ್ಟೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಚೆಕಿಂಗಕ್ಕ ಉಸಿರು ಬಿಗಿಹಿಡಿದು ಬಾಗಿದಳು. ಇನ್ನಷ್ಟು ಬಾಗಿದಳು. ಆಮೇಲೆ ನೆಟ್ಟಗೆ ನಿಂತು, ಹೊರಗೆ ಬಂದಳು.

ಮೇಸ್ತ್ರಿ ಗೋಡೆಯ ಕಡೆಯಿಂದ ತಿರುಗಿದ. “ಏನಾಯ್ತು?”

ಅವಳು ತನ್ನ ಬಲಗೈ ಎತ್ತಿ, ನಡುಬೆರಳನ್ನೂ ಉಂಗುರದ ಬೆರಳನ್ನೂ ಎಳ್ಳಿನಷ್ಟು, ಅಷ್ಟೇ, ಮಡಚಿ ತೋರಿಸಿದಳು. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನೂ ಕೈ ಎತ್ತಿ, ಅದೇ ಎರಡು ಬೆರಳನ್ನು ಅಷ್ಟೇ ಮಡಚಿದ. ತಳ್ಳುಗಾಡಿ ನೂಕಿಕೊಂಡು ಬಂದವನು ದಾರಿ ಬಿಡಿ ಎಂದು ಎರಡು ಸಲ ಹೇಳಿದ. ಇಬ್ಬರೂ ಕಾರಿಡಾರಿಗೆ ಅಡ್ಡವಾಗಿ, ಕೈ ಎತ್ತಿಕೊಂಡು ನಿಂತೇ ಇದ್ದರು.